ಡೆಂಟಲ್ ಕ್ಲಿನಿಕ್‌ಗೆ ಊರು ಆರಿಸಲು ಮ್ಯಾಪ್, ಸರ್ವೆ, ಲ್ಯಾಬ್: ಮೂರನ್ನೂ ಬಳಸಿ ನೋಡಿದ್ದು

ಊರಿನಲ್ಲಿ ಪೈಪೋಟಿ ಎಷ್ಟಿದೆ ಎಂದು ತಿಳಿಯಬೇಕಾದರೆ ಮೊದಲು ಕ್ಲಿನಿಕ್‌ಗಳಿಂದ ಹಲ್ಲಿನ ಅಚ್ಚು ಒಯ್ಯಲು ಬರುವ ಡೆಂಟಲ್ ಲ್ಯಾಬ್ (ಆ ಅಚ್ಚಿನಿಂದ ಕ್ಯಾಪ್, ಹಲ್ಲು ಸೆಟ್ಟು ಮಾಡಿಕೊಡುವವರು) ಹುಡುಗನನ್ನು ಮಾತಾಡಿಸಿ. ದಾವಣಗೆರೆ, ಹರಿಹರ, ಚನ್ನಗಿರಿಗಳನ್ನು ತೂಗಿ ನೋಡುವಾಗ ನಾನು ಮ್ಯಾಪ್ ನೋಡಿದೆ, ದುಡ್ಡು ಕೊಟ್ಟು ಸರ್ವೆ ಮಾಡಿಸಿದೆ, ಲ್ಯಾಬಿನವರನ್ನೂ ಕೇಳಿದೆ. ಕೊನೆಗೆ ಲ್ಯಾಬಿನವರ ಮಾತು ನಂಬಿ ಚನ್ನಗಿರಿಯಲ್ಲಿ ಬೋರ್ಡ್ ಹಾಕಿದೆ, ಚೇರ್ (ರೋಗಿಯನ್ನು ಕೂರಿಸಿ ಚಿಕಿತ್ಸೆ ಮಾಡುವ ಕುರ್ಚಿ) ಚೆನ್ನಾಗಿ ನಡೆಯುತ್ತಿದೆ.

ಮ್ಯಾಪಿನ ದೊಡ್ಡ ತೊಡಕೆಂದರೆ ಅದು ಬೋರ್ಡುಗಳನ್ನು ಎಣಿಸುತ್ತದೆ, ಚೇರ್ ನಡೆಯುವ ಗಂಟೆಗಳನ್ನಲ್ಲ. ಎಂದೋ ಮುಚ್ಚಿದ ಕ್ಲಿನಿಕ್ ಅಲ್ಲಿ ಇನ್ನೂ ಇರುತ್ತದೆ. ಜಾಗ ಬದಲಿಸಿದ್ದು ಎರಡು ಕಡೆ ಕಾಣುತ್ತದೆ. ದಿನವಿಡೀ ಕೂರುವವರು, ಸಂಜೆ ಮಾತ್ರ ಬಾಗಿಲು ತೆರೆಯುವವರು, ವಾರಕ್ಕೆರಡು ದಿನ ಬಂದು ಹೋಗುವವರು, ಎಲ್ಲರಿಗೂ ಒಂದೊಂದೇ ಚುಕ್ಕೆ.

ಕಾಣದೇ ಇರುವ ಪೈಪೋಟಿ ಇನ್ನೂ ಹೆಚ್ಚು. ಕ್ಲಿಪ್ ಹಾಕುವ ತಜ್ಞರು, ದವಡೆಯ ಸರ್ಜನ್ನರು ಸರದಿಯ ಮೇಲೆ ಹಲವು ಕ್ಲಿನಿಕ್‌ಗಳಿಗೆ ಹೋಗುತ್ತಾರೆ, ಅವರಿಗೆಂದು ಚುಕ್ಕೆಯೇ ಇರುವುದಿಲ್ಲ. ದಾವಣಗೆರೆಯಲ್ಲಿ ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ. ಸಾಲುಗಟ್ಟಲೆ ಚೇರ್ ಇರುವ ಕಾಲೇಜಿಗೂ ಮ್ಯಾಪಿನಲ್ಲಿ ಒಂದೇ ಗುರುತು. ಕಡಿಮೆ ಖರ್ಚಿನಲ್ಲಿ ಆಗುತ್ತದೆಂದು ಸುತ್ತಲಿನ ಹಳ್ಳಿಯವರು ಬಸ್ ಹತ್ತಿ ನೇರ ಅಲ್ಲಿಗೇ ಹೋಗುತ್ತಾರೆ. ಹರಿಹರ ಅಲ್ಲಿಂದ ಕೂಗಳತೆಯಲ್ಲಿದೆ. ಅಲ್ಲಿ ಚುಕ್ಕೆ ಕಡಿಮೆ ಕಂಡರೂ ಅವಕಾಶ ಹೆಚ್ಚೆಂದು ಹೇಳಲಾಗದು.

ಸರ್ವೆ ವರದಿ ನೋಡಲು ಚೆಂದ. ಆದರೆ ಅದರ ಬುಡ 2011ರ ಜನಗಣತಿ. ಜನಸಂಖ್ಯೆಯನ್ನು ಡಾಕ್ಟರುಗಳ ಸಂಖ್ಯೆಯಿಂದ ಭಾಗಿಸಿದರೆ ಹಲ್ಲಿಗೆ ಖರ್ಚು ಮಾಡುವವರು ಎಷ್ಟು ಮಂದಿ ಎಂಬುದು ಗೊತ್ತಾಗುವುದಿಲ್ಲ.

ಅದು ಗೊತ್ತಾಗುವುದು ಲ್ಯಾಬಿನಲ್ಲಿ. ಯಾವ ಡಾಕ್ಟರ್ ಎಷ್ಟು ಕಳಿಸುತ್ತಾರೆ ಎಂದು ಕೇಳಬೇಡಿ, ಅದು ಸರಿಯಲ್ಲ. ಊರಿನ ಒಟ್ಟು ಲೆಕ್ಕ ಸಾಕು. ಹಲ್ಲಿನ ಮೇಲೆ ಕೂರಿಸುವ ಕ್ಯಾಪ್ ಹೆಚ್ಚು ಹೋಗುತ್ತಿದ್ದರೆ ಜನ ರೂಟ್ ಕೆನಾಲ್ ಮಾಡಿಸಿಕೊಂಡು ಹಲ್ಲು ಉಳಿಸಿಕೊಳ್ಳಲು ದುಡ್ಡು ಹಾಕುತ್ತಿದ್ದಾರೆ ಎಂದರ್ಥ. ಬರೀ ಹಲ್ಲು ಸೆಟ್ಟುಗಳೇ ಆದರೆ ಎಲ್ಲ ಕಿತ್ತ ಮೇಲೆ ಬರುವ ಊರು. ಚನ್ನಗಿರಿಯಲ್ಲಿ ಕ್ಯಾಪ್ ಕೆಲಸ ಏರುತ್ತಿತ್ತು, ಅಚ್ಚು ಬರುತ್ತಿದ್ದದ್ದು ಕೆಲವೇ ಕಡೆಯಿಂದ. ಅಡಿಕೆ ಕೊಯ್ಲು ಮುಗಿದು ಕೈಗೆ ದುಡ್ಡು ಬಂದಾಗ ಕೆಲಸ ಹೆಚ್ಚುತ್ತದೆ ಎಂದೂ ಲ್ಯಾಬ್ ಹುಡುಗನೇ ಹೇಳಿದ. ಇದು ಯಾವ ವರದಿಯಲ್ಲೂ ಇರಲಿಲ್ಲ. ಅಡಿಕೆ, ಗುಟ್ಕಾ ಜಗಿದು ಹಲ್ಲು ಸವೆದವರು, ಬಾಯಿ ಪೂರ್ತಿ ತೆರೆಯಲಾಗದವರು ಇಲ್ಲಿ ದಿನವೂ ಬರುತ್ತಾರೆ. ಅವರಿಗೆ ಹತ್ತಿರದಲ್ಲೇ ಡಾಕ್ಟರ್ ಬೇಕು.

ಲ್ಯಾಬಿನಲ್ಲೂ ತಿಳಿಯದ್ದು ಒಂದಿದೆ: ಡಾಕ್ಟರ್ ನೋಂದಣಿಯಿಲ್ಲದೆ ಹಲ್ಲು ಕೀಳುವವರ ವಿಷಯ. ಅದನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ.

ನನ್ನದು ಒಂದೇ ಚೇರ್, ಬ್ಯಾಂಕ್ ಸಾಲ, ಬೆಳಿಗ್ಗೆಯಿಂದ ರಾತ್ರಿವರೆಗೆ ಕೂರುವ ಅಭ್ಯಾಸ. ಬೇರೆಯವರ ಬಾಗಿಲು ಮುಚ್ಚಿರುವ ಹೊತ್ತೇ ನನಗೆ ಅವಕಾಶ, ಹಾಗಾಗಿ ಲ್ಯಾಬ್ ಸಾಕಾಯಿತು. ನಾಲ್ಕೈದು ಚೇರ್ ಹಾಕಿ ತಜ್ಞರನ್ನು ಕರೆಸುವವರಿಗೆ ಬ್ಯಾಂಕಿನವರು ಪ್ರಾಜೆಕ್ಟ್ ರಿಪೋರ್ಟ್ ಕೇಳುತ್ತಾರೆ. ಅವರು ಸರ್ವೆ ಮಾಡಿಸಲಿ, ಆದರೆ ಬಾಡಿಗೆಯ ಮುಂಗಡ ಕೊಡುವ ಮುಂಚೆ ಲ್ಯಾಬಿನವರನ್ನೂ ಕೇಳಲಿ.