ಬಲ್ಮಠದ ಲೆನ್ಸ್ ಬಾಡಿಗೆ ಅಂಗಡಿ: ಗಾಜಿಗೆ ಪೂರ್ಣ ಅಂಕ, ಬಿಲ್ಲಿಗೆ ಅರ್ಧ

ವರ್ಷಕ್ಕೆ ಒಂದೆರಡು ಬಾರಿ ಕಾಡಿಗೆ ಹೋಗುವವರು ಲಕ್ಷ ರೂಪಾಯಿ ಸುರಿದು ದೊಡ್ಡ ಲೆನ್ಸ್ ಕೊಳ್ಳುವುದು, ಅದೂ ಮಂಗಳೂರಿನಲ್ಲಿದ್ದುಕೊಂಡು, ನನ್ನ ಲೆಕ್ಕದಲ್ಲಿ ಬುದ್ಧಿವಂತಿಕೆಯಲ್ಲ. ಇಲ್ಲಿ ಮಳೆಗಾಲ ಹಿಡಿಯಿತೆಂದರೆ ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಬರುತ್ತದೆ, ಲೆನ್ಸನ್ನು ಬಿಟ್ಟೀತೇ? ಗಾಜಿನ ಪದರಗಳ ನಡುವೆ ಜೇಡರ ಬಲೆಯಂತೆ ಹಬ್ಬುವ ಶಿಲೀಂಧ್ರವನ್ನು ಒಮ್ಮೆ ಕಂಡವರು ಮತ್ತೆ ಆ ಸಾಹಸಕ್ಕೆ ಕೈಹಾಕುವುದಿಲ್ಲ. ಹಾಗಾಗಿ ನಾನು ಬಾಡಿಗೆಯ ಪಕ್ಷ. ನಾಗರಹೊಳೆಗೆ ಹೊರಟಾಗಲೆಲ್ಲ ಬಲ್ಮಠದ ಸಮೀಪ ಒಳರಸ್ತೆಯಲ್ಲಿರುವ ಒಂದು ಅಂಗಡಿಯಿಂದ ಲೆನ್ಸ್ ತರುತ್ತೇನೆ. ಮುಂದೆ ದೂರುವುದೂ ಇರುವುದರಿಂದ ಹೆಸರು ಬರೆಯುವುದಿಲ್ಲ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಲೆನ್ಸುಗಳೆಲ್ಲ ತೇವ ತಗ್ಗಿಸಿಡುವ ಡ್ರೈ ಕ್ಯಾಬಿನೆಟ್ಟಿನಲ್ಲಿವೆ. ನಾನು ಹೋದಾಗ ಅದರ ಮೀಟರಿನಲ್ಲಿ ತೇವಾಂಶ ಶೇ. 45 ಇತ್ತು, ಹೊರಗಿನ ಗೋಡೆಯ ಮೀಟರಿನಲ್ಲಿ 80 ದಾಟಿತ್ತು. ಅಂಗಡಿಯ ಹುಡುಗ ದೂರದ್ದನ್ನು ಹತ್ತಿರ ತರುವ 200–500 ಮಿ.ಮೀ. ಲೆನ್ಸನ್ನು ಹೊರತೆಗೆದ. ಎರಡೂ ಮುಚ್ಚಳ ಬಿಚ್ಚಿ, ಬೆಳಕು ಒಳಬಿಡುವ ಕಂಡಿಯಾದ ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಪೆನ್ ಟಾರ್ಚ್ ಹಾಯಿಸಿದ. "ಈಗಲೇ ನೋಡಿ ಸಾರ್, ಆಮೇಲೆ ನನ್ನ ಮೇಲೆ ಹೇಳಬೇಡಿ" ಎಂದ. ಒಳಗೆ ಒಂದೆರಡು ಧೂಳಿನ ಕಣ ಇದ್ದವು, ಅಷ್ಟೇ. ಅವನ್ನೂ ಬಿಡದೆ ಪುಸ್ತಕದಲ್ಲಿ ಬರೆದುಕೊಂಡ. ಚೀಲದೊಳಗೆ ನೀಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗುಲಾಬಿ ಬಣ್ಣಕ್ಕೆ ತಿರುಗಿದರೆ ಫೋನ್ ಮಾಡಿ ಎಂದ. ಬಾಡಿಗೆ ಸಾಮಾನಿಗೆ ಇಷ್ಟು ಮುತುವರ್ಜಿ ನಮ್ಮ ಊರಿನಲ್ಲಿ ಬೇರೆಲ್ಲೂ ಕಂಡಿಲ್ಲ.

ಲೆನ್ಸಿಗೆ ಆಸರೆಯಾಗಿ ಜೊತೆಗೆ ಕೊಡುವ ಬೀನ್ ಬ್ಯಾಗಿಗೆ ಪ್ರತ್ಯೇಕ ಬಾಡಿಗೆ ಇಲ್ಲ. ಒಳಗಿರುವುದು ಕುಚ್ಚಲಕ್ಕಿ! ದಪ್ಪ ಕಾಳು, ಸಫಾರಿ ಬಸ್ಸಿನ ಕಿಟಕಿಯ ಕಂಬಿಯ ಮೇಲೆ ಚೆನ್ನಾಗಿ ಕೂರುತ್ತದೆ. ಎರಡು ಕಿಲೋ ದಾಟುವ ಲೆನ್ಸನ್ನು ಕೈಯಲ್ಲೇ ಹಿಡಿದುಕೊಂಡಿದ್ದರೆ ಅರ್ಧ ಗಂಟೆಯಲ್ಲಿ ಭುಜ ಸೋಲುತ್ತದೆ.

ಲೆನ್ಸಿನ ಮಿತಿಯನ್ನೂ ಹೇಳಬೇಕು. ಇದರ ಅಪರ್ಚರ್ ತೆರೆಯುವುದು ಎಫ್ 5.6ರವರೆಗೆ, ಈ ಅಂಕೆ ಕಡಿಮೆಯಾದಷ್ಟೂ ಬೆಳಕು ಹೆಚ್ಚು; 5.6 ಬಿಸಿಲಿಗೆ ಸಾಕು, ಬೆಳಗಿನ ಜಾವಕ್ಕೆ ಸಾಲದು. ನಾಗರಹೊಳೆಯ ದಮ್ಮನಕಟ್ಟೆಯಿಂದ ಹೊರಟ ಬೆಳಗಿನ ಸಫಾರಿಯಲ್ಲಿ ಮರಗಳ ನೆರಳಿನಲ್ಲಿ ಹೆಣ್ಣು ಹುಲಿಯೊಂದು ರಸ್ತೆ ದಾಟಿದಾಗ ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು (ಐಎಸ್‌ಒ) 6400ಕ್ಕೆ ಏರಿಸಿದರೂ ಶಟರ್ ವೇಗ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ಮೇಲೆ ಹೋಗಲಿಲ್ಲ. ಲೆನ್ಸಿನ ಕಂಪನ ನಿರೋಧಕ ನಮ್ಮ ಕೈಯ ನಡುಕವನ್ನು ತಡೆಯುತ್ತದೆ, ಹುಲಿಯ ಕಾಲನ್ನು ನಿಲ್ಲಿಸುವುದಿಲ್ಲ. ಪಟ್ಟೆಗಳು ಸ್ಪಷ್ಟ ಬಂದಿವೆ, ಮುಂಗಾಲು ಮಸುಕು. ಎಫ್ 4ರ ದೊಡ್ಡ ಲೆನ್ಸೂ ಅಲ್ಲಿದೆ, ಆದರೆ ಅದರ ಬಾಡಿಗೆ ಕೇಳಿ ಹಿಂದೆ ಸರಿದೆ.

ಈ ಅಂಗಡಿಯನ್ನು ಶಿಫಾರಸು ಮಾಡಲು ನನಗೆ ದೊಡ್ಡ ಕಾರಣ ಬಿಲ್ಲಿನ ಹಿಂಬದಿಯ ಷರತ್ತುಗಳು. ಕಾಡಿಗೆಂದರೆ ಡ್ರೋನ್ ಕೊಡುವುದಿಲ್ಲ. ಫ್ಲ್ಯಾಶ್ ಕೊಡುವುದಿಲ್ಲ. ಕ್ಯಾಮೆರಾದ 'ಬೀಪ್' ಸದ್ದನ್ನು ಹುಡುಗ ಕೌಂಟರಿನಲ್ಲೇ ಆರಿಸಿ ಕೊಡುತ್ತಾನೆ. ಚಿತ್ರವನ್ನು ಹಂಚಿಕೊಳ್ಳುವ ಮುನ್ನ ಅದರೊಳಗಿನ ಜಿಪಿಎಸ್ ಮಾಹಿತಿ ಅಳಿಸಬೇಕು, ಅದೇ ದಿನ ಪ್ರಾಣಿ ಕಂಡ ಕೆರೆಯ ಹೆಸರು ಹಾಕಬಾರದು. ಮರಿಗಳಿರುವ ಹುಲಿಯ ಜಾಗ ಮೊಬೈಲಿನಲ್ಲಿ ಹರಡಿದರೆ ಮರುದಿನ ಅಲ್ಲಿ ಎಂಥ ನೂಕುನುಗ್ಗಲು ಎಂದು ನೋಡಿದವರಿಗೆ ಗೊತ್ತು.

ಇನ್ನೊಂದು ಮಾತು ಷರತ್ತಿನಲ್ಲಿಲ್ಲ, ಹುಡುಗನೇ ಹೇಳಿದ್ದು: "ಮುಖ ಎಲ್ಲರೂ ತೆಗೆಯುತ್ತಾರೆ ಸಾರ್. ಸಿಕ್ಕಿದರೆ ಎರಡೂ ಪಕ್ಕೆ ತೆಗೆಯಿರಿ." ಸರಿಯಾದ ಮಾತು. ಯಾವ ಎರಡು ಹುಲಿಗಳ ಪಟ್ಟೆಯೂ ಒಂದೇ ಅಲ್ಲ. ಒಂದೇ ಹುಲಿಯ ಎಡ ಬಲಗಳೂ ಬೇರೆ. ಅದಕ್ಕೇ ಪ್ರಾಣಿ ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪುಗಳನ್ನು ದಾರಿಯ ಎರಡೂ ಬದಿಗೆ ಜೋಡಿಯಾಗಿ ಇಡುವುದು. ಪಟ್ಟೆ ಹೋಲಿಸಿ ಹುಲಿಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು 1990ರ ದಶಕದಲ್ಲಿ ಇದೇ ನಾಗರಹೊಳೆಯಲ್ಲಿ ರೂಪಿಸಿದವರು ನಮ್ಮ ಪುತ್ತೂರು ಕಡೆಯ ಉಲ್ಲಾಸ ಕಾರಂತರು. ಅದಕ್ಕೆ ಮೊದಲು ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. ನನಗೆ ಸಿಕ್ಕಿದ್ದು ಎಡ ಪಕ್ಕೆ ಮಾತ್ರ.

ಇನ್ನು ಬಿಲ್ಲು. ಕೊನೆಯಲ್ಲಿ 'ಹುಲಿ ಸಂರಕ್ಷಣೆಗೆ' ಎಂದು ನೂರು ರೂಪಾಯಿ, ಕೇಳದೆಯೇ ಸೇರಿಸಿದ್ದು. ಯಾರಿಗೆ ಹೋಗುತ್ತದೆ ಎಂದರೆ "ಒಬ್ಬರು ಬಂದು ತೆಗೆದುಕೊಂಡು ಹೋಗುತ್ತಾರೆ" ಎಂಬ ಉತ್ತರ. ಇಡೀ ಸೇವಾವಧಿಯನ್ನು ಬ್ಯಾಂಕಿನ ಕೌಂಟರಿನ ಹಿಂದೆ ಕಳೆದವನಿಗೆ ರಸೀದಿಯಿಲ್ಲದ ಹಣವೆಂದರೆ ಮೈ ಉರಿಯುತ್ತದೆ ಮಾರಾಯರೇ! ಕೊಡಬೇಕೆಂದಿದ್ದವರಿಗೆ ನೇರ ದಾರಿ ಇದೆ: ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿಯಂತೆ ಹುಲಿ ಸಂರಕ್ಷಿತ ಪ್ರದೇಶಗಳಿಗೆ ತಮ್ಮದೇ ಪ್ರತಿಷ್ಠಾನಗಳಿವೆ. ಅಂಗಡಿಯ ಕಾಳಜಿ ಎಷ್ಟು ತಾಜಾ ಎಂಬುದಕ್ಕೆ ಗೋಡೆಯ ಪೋಸ್ಟರ್ ನೋಡಿ, ಕರ್ನಾಟಕದ ಹುಲಿಗಳು ಇನ್ನೂ 524. ಅದು 2018ರ ಲೆಕ್ಕ. 2022ರಲ್ಲಿ 563 ಆಗಿದೆ. ಆ ನೂರನ್ನು ಹೊಡೆಸಿ ಹಾಕಿದೆ. ಹುಡುಗ ಮುಖ ಗಂಟಿಕ್ಕದೆ ಹೊಸ ಬಿಲ್ಲು ಬರೆದ, ಅದಕ್ಕೆ ಅವನಿಗೆ ಅರ್ಧ ಅಂಕ.

ಹೋಗುವವರಿಗೆ: ಆಧಾರ್ ಪ್ರತಿ ಮತ್ತು ಮುಂಗಡ ಠೇವಣಿ ಬೇಕು, ಠೇವಣಿ ಸ್ವಲ್ಪ ಜಾಸ್ತಿಯೇ. ನವರಾತ್ರಿಯಲ್ಲಿ 70–200 ಮಿ.ಮೀ. ಲೆನ್ಸ್ ಕೇಳಲೇಬೇಡಿ, ಎಲ್ಲವೂ ಹುಲಿವೇಷದ ಹಿಂದೆ ಓಡುತ್ತಿರುತ್ತವೆ. ಭಾನುವಾರ ರಜೆಯಾದ್ದರಿಂದ ಶನಿವಾರ ಸಂಜೆ ಒಯ್ದು ಸೋಮವಾರ ಅಂಗಡಿ ತೆರೆಯುವಾಗಲೇ ಕೊಟ್ಟರೆ ಒಂದೇ ದಿನದ ಬಾಡಿಗೆ. ಇದನ್ನು ಅವರಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.