ವೆಸ್ನೋತ್: ಸೋತ ಮೇಲೆ ಕಾರಣ ಬಿಡಿಸಿ ತೋರಿಸುವ ಆಟ

ಬ್ಯಾಟಲ್ ಫಾರ್ ವೆಸ್ನೋತ್ ಆಟಕ್ಕೆ ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. 2003ರಲ್ಲಿ ಡೇವಿಡ್ ವೈಟ್ ಶುರು ಮಾಡಿದ ಆಟ ಇದು, ಆಮೇಲೆ ಎಷ್ಟೋ ಜನ ಸೇರಿ ಬೆಳೆಸಿದ್ದಾರೆ, ಇವತ್ತಿಗೂ ಪೂರ್ತಿ ಫ್ರೀ. ಕಂಪ್ಯೂಟರ್‌ಗೆ ಡೌನ್‌ಲೋಡ್ ಮಾಡಿಕೊಂಡರೆ ಆಯ್ತು, ಮುಂದೆ ಒಂದು ರೂಪಾಯಿ ಕೇಳುವುದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಹೊಸ ಆಟಗಳು ತೆರೆಯುವುದೇ ಇಲ್ಲ, ಇದು ಮಾತ್ರ ಆರಾಮಾಗಿ ಓಡುತ್ತದೆ.

ಪಾಳಿ ಪ್ರಕಾರ ಆಡುವ ಯುದ್ಧದ ಆಟ. ನಕ್ಷೆ ತುಂಬಾ ಆರು ಮೂಲೆಯ ಮನೆಗಳು. ನಿಮ್ಮದೊಂದು ಕೋಟೆ, ಅಲ್ಲೊಬ್ಬ ನಾಯಕ, ಕೈಯಲ್ಲಿ ಸ್ವಲ್ಪ ಬಂಗಾರ. ಅದನ್ನು ಕೊಟ್ಟು ಸೈನಿಕರನ್ನು ತರಬೇಕು, ಹಳ್ಳಿ ಹಿಡಿಯಬೇಕು, ಹಳ್ಳಿಯಿಂದ ಮತ್ತೆ ಬಂಗಾರ ಬರುತ್ತದೆ. ನಾಯಕ ಸತ್ತರೆ ಆಟ ಮುಗಿಯಿತು. ಮನುಷ್ಯರು, ಎಲ್ಫ್‌ಗಳು, ಓರ್ಕ್‌ಗಳು, ಕುಳ್ಳರು, ಬೆಂಕಿ ಉಗುಳುವ ಡ್ರೇಕ್‌ಗಳು, ಸತ್ತು ಎದ್ದು ಬಂದ ಅಸ್ಥಿಪಂಜರಗಳು, ಹೀಗೆ ಬೇರೆ ಬೇರೆ ಪಡೆಗಳಿವೆ, ಒಂದೊಂದರ ಆಟವೂ ಬೇರೆ.

ಕಂಪ್ಯೂಟರ್ ವಿರುದ್ಧ ಒಬ್ಬರೇ ಆಡಬಹುದು. ಆದರೆ ಮಜಾ ಇರುವುದು ಇನ್ನೊಬ್ಬ ಮನುಷ್ಯನ ಎದುರು ಆಡುವಾಗ. ನಾನಿರುವುದು ಧಾರವಾಡದಲ್ಲಿ, ಅಕ್ಕನ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಅಕ್ಕನ ಮಗ ಪಿಯುಸಿ ಓದುತ್ತಾನೆ. ಭಾನುವಾರ ಚಿಗರಿ ಬಸ್ ಹತ್ತಿ ಅಲ್ಲಿಗೆ ಹೋದರೆ ಒಂದೇ ಲ್ಯಾಪ್‌ಟಾಪ್‌ನಲ್ಲಿ ಪಾಳಿ ಬದಲಿಸಿಕೊಂಡು ಆಡುತ್ತೇವೆ, ಅದಕ್ಕೆ ಇಂಟರ್ನೆಟ್ಟೂ ಬೇಡ. ಮಳೆಗಾಲದಲ್ಲಿ ಧಾರವಾಡದ ಜಿಟಿಜಿಟಿ ಹಿಡಿದುಕೊಂಡರೆ ಅವನು ಅಲ್ಲಿಂದ, ನಾನು ಇಲ್ಲಿಂದ, ಆಟದ ಸರ್ವರ್ ಮೇಲೆ.

ಈ ಆಟದ ದೊಡ್ಡ ಗುಣ ಏನು ಅಂತ ನನಗೆ ಪೂರ್ತಿ ಗೊತ್ತಾಗಿದ್ದು ಇವನು ಒಂದು ಕುದುರೆ ಕಳೆದುಕೊಂಡ ದಿನ.

ಅವತ್ತು ಇಬ್ಬರೂ ಮನುಷ್ಯರ ಪಡೆಯನ್ನೇ ತಗೊಂಡಿದ್ದೆವು. ಅವನು 23 ಬಂಗಾರ ಕೊಟ್ಟು ಒಬ್ಬ ಕುದುರೆ ಸವಾರನನ್ನು ತಂದಿದ್ದ. ನನ್ನ ಕಡೆ ಹಳ್ಳಿಯೊಂದರಲ್ಲಿ 14 ಬಂಗಾರದ ಒಬ್ಬ ಈಟಿಗಾರ ನಿಂತಿದ್ದ. ಕುದುರೆ ಸವಾರನಿಗೆ ನುಗ್ಗಿ ಹೊಡೆಯುವ ಶಕ್ತಿ ಇದೆ, ಅವನ ಪೆಟ್ಟು ಎರಡರಷ್ಟಾಗುತ್ತದೆ. ಆದರೆ ನುಗ್ಗಿದಾಗ ಎದುರಿನವನ ಪೆಟ್ಟೂ ಎರಡರಷ್ಟಾಗಿ ವಾಪಸ್ ಬೀಳುತ್ತದೆ. ಹುಡುಗ ಮೊದಲ ಅರ್ಧ ಮಾತ್ರ ಓದಿಕೊಂಡಿದ್ದ. ಬೆಳಗಿನ ಪಾಳಿ, ಬಯಲಿನಿಂದ ಸೀದಾ ನುಗ್ಗಿಸಿದ.

ಈಗ ಲೆಕ್ಕ ನೋಡಿ. ಈಟಿಗಾರನ ಒಂದು ಪೆಟ್ಟು ಮಾಮೂಲಿಗೆ 7. ಮನುಷ್ಯರ ಪಡೆಗೆ ಹಗಲಲ್ಲಿ ಬಲ ಕಾಲು ಭಾಗ ಜಾಸ್ತಿ. ಕುದುರೆಗೆ ಈಟಿಯ ಪೆಟ್ಟು ಶೇ 20ರಷ್ಟು ಹೆಚ್ಚು ತಾಗುತ್ತದೆ. ಅದರ ಮೇಲೆ ನುಗ್ಗಿದ್ದಕ್ಕೆ ಎರಡರಷ್ಟು. ಎಲ್ಲ ಸೇರಿ 21. ಸವಾರನ ಜೀವ 38, ಅಂದರೆ ಮೂರು ಪೆಟ್ಟಿನಲ್ಲಿ ಎರಡು ತಾಗಿದರೆ ಕಥೆ ಮುಗಿಯಿತು. ಸಾಲದ್ದಕ್ಕೆ, ಸವಾರನೇ ಮೇಲೆ ಬಿದ್ದರೂ ಮೊದಲ ಪೆಟ್ಟು ಈಟಿಗಾರನದೇ, ಅವನ ಆಯುಧದ ಗುಣವೇ ಅದು. ಬಯಲಲ್ಲಿ ನಿಂತ ಕುದುರೆಗೆ ಪೆಟ್ಟು ತಾಗುವ ಸಾಧ್ಯತೆ ಶೇ 60, ಹಳ್ಳಿಯೊಳಗಿನ ಈಟಿಗಾರನಿಗೆ ಬರೀ ಶೇ 40. ಎಲ್ಲ ಕೂಡಿಸಿ ನೋಡಿದರೆ ಸವಾರ ಗೆಲ್ಲುವ ಸಾಧ್ಯತೆ ನೂರಕ್ಕೆ 10ರ ಆಸುಪಾಸು, ಸಾಯುವ ಸಾಧ್ಯತೆ 60ರ ಹತ್ತಿರ.

ಸತ್ತ. ಅಷ್ಟಕ್ಕೇ ನಿಂತಿದ್ದರೆ 23 ಬಂಗಾರದ ನಷ್ಟ ಅಂತ ಬಿಡಬಹುದಿತ್ತು. ಆದರೆ ಈ ಆಟದಲ್ಲಿ ಬಹುತೇಕ ಪ್ರತಿ ಸೈನಿಕನೂ ತನ್ನ ಸುತ್ತಲಿನ ಆರು ಮನೆಗಳಲ್ಲಿ ವೈರಿಯ ನಡಿಗೆಯನ್ನು ತಡೆಯುತ್ತಾನೆ. ಕುದುರೆ ಹೋದ ಕೂಡಲೇ ಸಾಲಿನಲ್ಲಿ ಕಿಂಡಿ ಬಿತ್ತು. ಅವನ ನಾಯಕ ಹಳ್ಳಿ ಹಿಡಿಯೋಕೆ ಅಂತ ಕೋಟೆ ಬಿಟ್ಟು ಹೊರಗೆ ಬಂದಿದ್ದ. ಆ ಕಿಂಡಿಯಲ್ಲಿ ನನ್ನವರು ಒಳಗೆ ಹೊಕ್ಕರು. ಆಮೇಲೆ ಹೆಚ್ಚು ಹೊತ್ತು ಆಟ ನಡೆಯಲಿಲ್ಲ.

"ಮಾಮಾ, ಒಂದ್ ಈಟಿಯವನ ಮುಂದ ನನ್ನ ಕುದ್ರಿ ಹ್ಯಾಂಗ ಸತ್ತ ಹೋತು? ಆಟ ಮೋಸ ಮಾಡೇತಿ" ಅಂದ. ಮುಖ ಕೆಂಪಗಾಗಿತ್ತು.

"ಮೋಸ ಅಲ್ಲಪಾ, ಹಿಂದ ಹೋಗಿ ನೋಡೋಣು ಬಾ" ಅಂದೆ.

ಹಿಂದೆ ಹೋಗಿ ನೋಡಲು ಈ ಆಟ ಬಿಡುತ್ತದೆ, ನನಗೆ ಬಹಳ ಇಷ್ಟವಾಗಿದ್ದು ಇದೇ. ಆಡಿದ ಪಂದ್ಯದ ರೀಪ್ಲೇ ಉಳಿದಿರುತ್ತದೆ. ಒಂದೊಂದೇ ಪಾಳಿಯಾಗಿ ನಡೆಸಿ, ಬೇಕಾದಲ್ಲಿ ನಿಲ್ಲಿಸಿ ನೋಡಬಹುದು. ಅಂಕಿಅಂಶದ ಪುಟ ಬೇರೆ ಇದೆ. ಲೆಕ್ಕದ ಪ್ರಕಾರ ನಿಮ್ಮವರು ಎಷ್ಟು ಪೆಟ್ಟು ಕೊಡಬೇಕಿತ್ತು, ನಿಜವಾಗಿ ಎಷ್ಟು ಕೊಟ್ಟರು, ಎರಡನ್ನೂ ಪಕ್ಕಪಕ್ಕ ತೋರಿಸುತ್ತದೆ. ಇವನ ಅದೃಷ್ಟ ಅವತ್ತು ಕೆಟ್ಟಿರಲಿಲ್ಲ, ಹತ್ತಿರ ಹತ್ತಿರ ಲೆಕ್ಕದಷ್ಟೇ ಇತ್ತು. ಇನ್ನೂ ಮುಖ್ಯವಾದದ್ದು, ಹೊಡೆಯುವ ಮೊದಲೇ ತೆರೆಯುವ ಕಿಟಕಿಯಲ್ಲಿ ಡ್ಯಾಮೇಜ್ ಕ್ಯಾಲ್ಕ್ಯುಲೇಷನ್ಸ್ ಅಂತ ಒಂದು ಬಟನ್ ಇದೆ. ನಾನು ಮೇಲೆ ಹೇಳಿದ ಲೆಕ್ಕವನ್ನೆಲ್ಲ ಅದೇ ಮಾಡಿ ಇಡುತ್ತದೆ. ಅವನು ಅದನ್ನು ಒಂದು ಸಲವೂ ಒತ್ತಿರಲಿಲ್ಲ.

ಯಾಕೆ ಒತ್ತಿರಲಿಲ್ಲ ಅಂದರೆ, ಅಲ್ಲಿಯವರೆಗೆ ಅವನು ಒಬ್ಬನೇ ಆಡುತ್ತಿದ್ದ. ಒಬ್ಬನೇ ಆಡುವಾಗ ಕುದುರೆ ಸತ್ತರೆ ಸೇವ್ ಮಾಡಿದ ಜಾಗಕ್ಕೆ ವಾಪಸ್ ಹೋಗಿ ಮತ್ತೆ ನುಗ್ಗಿಸಿದರಾಯ್ತು, ಹತ್ತು ಸಲದಲ್ಲಿ ಒಂದು ಸಲವಾದರೂ ಗೆಲ್ಲುತ್ತದೆ. ಆ ಗೆಲುವು ತಪ್ಪು ಪಾಠ ಕಲಿಸುತ್ತದೆ ಅಲ್ವಾ? ಎದುರಿಗೆ ಮನುಷ್ಯ ಕೂತಾಗ ಆ ದಾರಿ ಇಲ್ಲ. ನಡೆಸಿದ್ದನ್ನು ಕೆಲವೊಮ್ಮೆ ಹಿಂದಕ್ಕೆ ತಗೊಳ್ಳಬಹುದು, ಹೊಡೆದದ್ದನ್ನು ತಗೊಳ್ಳೋಕೆ ಆಗಲ್ಲ.

ಮೊಬೈಲ್‌ನ ಎಷ್ಟೋ ಯುದ್ಧದ ಆಟಗಳಲ್ಲಿ ಇಂಥ ಹೊತ್ತಿಗೆ ಸರಿಯಾಗಿ ಒಂದು ಆಫರ್ ಬಂದು ನಿಲ್ಲುತ್ತದೆ, ಇಷ್ಟು ಕೊಟ್ಟರೆ ಸೈನ್ಯ ವಾಪಸ್ ಅಂತ. ಹುಡುಗರು ಅಪ್ಪನ ಫೋನಿನಿಂದ ದುಡ್ಡು ಕಟ್ಟಿ ಮನೆಯಲ್ಲಿ ಜಗಳವಾಗಿದ್ದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ದುಡ್ಡೂ ಹೋಯಿತು, ಯಾಕೆ ಸೋತೆ ಅನ್ನುವುದೂ ತಿಳಿಯಲಿಲ್ಲ. ವೆಸ್ನೋತ್‌ನಲ್ಲಿ ಕಳೆದುಕೊಳ್ಳುವುದು ಆಟದ ಬಂಗಾರ ಮತ್ತು ಒಂದು ಸಂಜೆ. ಆದರೂ ಹೊಟ್ಟೆ ಉರಿಯುತ್ತದೆ, ಕಾಳಗ ಮಾಡಿ ಮಾಡಿ ಲೆವೆಲ್ ಏರಿದ ಸೈನಿಕ ಸತ್ತರಂತೂ ಇನ್ನೂ ಜಾಸ್ತಿ.

ಆಮೇಲೆ ಅವನ ಆಟ ಬದಲಾಯಿತು. ಕುದುರೆಯನ್ನು ಈಟಿಯವರ ಹತ್ತಿರಕ್ಕೂ ಬಿಡುವುದಿಲ್ಲ. ನಾನು ಸತ್ತವರ ಪಡೆ ತಗೊಂಡರೆ ನನ್ನ ಮಾಟಗಾರರನ್ನೇ ಹುಡುಕಿಕೊಂಡು ಬರುತ್ತಾನೆ. ಆ ಡಾರ್ಕ್ ಅಡೆಪ್ಟ್‌ಗಳು ದೂರದಿಂದ ಮಾತ್ರ ಹೊಡೆಯಬಲ್ಲರು, ಮೈಮೇಲೆ ಬಿದ್ದವನಿಗೆ ತಿರುಗಿ ಹೊಡೆಯೋಕೆ ಬರಲ್ಲ, ಅಲ್ಲಿ ನುಗ್ಗಿದರೆ ಕುದುರೆಗೆ ಗೀರೂ ಬೀಳುವುದಿಲ್ಲ. ಹಗಲು ರಾತ್ರಿಯ ಲೆಕ್ಕವನ್ನೂ ಹಿಡಿದಿದ್ದಾನೆ. ಆರು ಪಾಳಿಗೆ ಒಂದು ದಿನ: ನಸುಕು, ಎರಡು ಪಾಳಿ ಹಗಲು, ಸಂಜೆ, ಎರಡು ಪಾಳಿ ರಾತ್ರಿ. ಹಗಲಲ್ಲಿ ಮನುಷ್ಯರಿಗೆ ಬಲ, ರಾತ್ರಿ ಓರ್ಕ್‌ಗಳಿಗೂ ಸತ್ತವರಿಗೂ. ಸಂಜೆಯಾಗುತ್ತಿದ್ದಂತೆ ಹಿಂದೆ ಸರಿದು, ಹಳ್ಳಿಗಳಲ್ಲಿ ಗಾಯ ಮಾಯಿಸಿಕೊಂಡು, ನಸುಕಿಗೆ ಮತ್ತೆ ಮುಂದೆ ಬರುವುದನ್ನು ಅವನು ಕಲಿತ ಮೇಲೆ ನನಗೆ ಗೆಲ್ಲುವುದು ಕಷ್ಟವಾಗಿದೆ.

ಕೊರತೆಗಳೂ ಇವೆ. ಅದೃಷ್ಟದ ಪಾಲು ಕಡಿಮೆಯಿಲ್ಲ, ಪಗಡೆಯಲ್ಲಿ ಗರ ಬೀಳದಂತೆ ಇಲ್ಲೂ ಶೇ 70ರ ಪೆಟ್ಟು ಸಾಲಾಗಿ ಹುಸಿ ಹೋಗುವುದುಂಟು, ಅದನ್ನು ಸಹಿಸದವರಿಗೆ ಇದು ಆಗಿಬರುವುದಿಲ್ಲ. ಒಂದು ಪಂದ್ಯಕ್ಕೆ ಎರಡು ತಾಸು ಹಿಡಿದರೂ ಆಶ್ಚರ್ಯವಿಲ್ಲ. ಸರ್ವರ್‌ನಲ್ಲಿ ಗುರುತಿಲ್ಲದವರ ಜೊತೆ ಆಡಲು ಹೋದರೆ ಪಳಗಿದವರೇ ಎದುರಾಗುತ್ತಾರೆ, ಹೊಸಬರು ಬೇಗ ಸೋತು ಬೇಜಾರಾಗುತ್ತಾರೆ. ನನ್ನ ಅರ್ಧ ಅಂಕ ಹೋಗಿದ್ದು ಅಲ್ಲೇ, ಹೊಸಬರಿಗೆ ಹೊಸಬರನ್ನೇ ಜೋಡಿಸುವ ವ್ಯವಸ್ಥೆ ಇರಬೇಕಿತ್ತು. ಚಿತ್ರಗಳು ಹಳೇ ಕಾಲದವು, ನನಗೆ ಅದು ಚೆಂದವೇ ಕಾಣುತ್ತದೆ, ಎಲ್ಲರಿಗೂ ಹಾಗೆ ಅನ್ನಿಸಲಿಕ್ಕಿಲ್ಲ.

ಶುರು ಮಾಡುವವರು ಮೊದಲು ಒಳಗೇ ಇರುವ ಟ್ಯುಟೋರಿಯಲ್ ಮುಗಿಸಿ. ಆಮೇಲೆ ಗೊತ್ತಿದ್ದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಬ್ಬರು ಆಡುವ ಚಿಕ್ಕ ನಕ್ಷೆ ಆರಿಸಿ, ಮನುಷ್ಯರ ಪಡೆ ತಗೊಳ್ಳಿ. ನದಿಯಲ್ಲಿ ನಿಂತು ಕಾದಾಡಬೇಡಿ, ನೀರಲ್ಲಿ ನಿಂತ ಕಾಲಾಳಿಗೆ ಪೆಟ್ಟು ತಾಗುವ ಸಾಧ್ಯತೆ ಶೇ 80. ಕುದುರೆ ತರುವ ಮೊದಲು ಎದುರಿನವರ ಹತ್ತಿರ ಈಟಿ ಎಷ್ಟಿವೆ ನೋಡಿಕೊಳ್ಳಿ. ಆ ಲೆಕ್ಕದ ಬಟನ್ ಮಾತ್ರ ಮೊದಲ ಪಂದ್ಯದಿಂದಲೇ ಒತ್ತಿ ನೋಡಿ.