ಲೋಗೋಗೆ ಬಣ್ಣ ಆರಿಸುವವರಿಗೆ ಪ್ಯಾಂಟೋನ್ ಫಾರ್ಮುಲಾ ಗೈಡ್

ಬ್ರ್ಯಾಂಡ್‌ಗೆ ಬಣ್ಣ ಆರಿಸುವಾಗ ಕೆಂಪೆಂದರೆ ಉತ್ಸಾಹ, ನೀಲಿಯೆಂದರೆ ವಿಶ್ವಾಸ ಎಂಬ ಸಿದ್ಧಸೂತ್ರಗಳನ್ನು ನೆಚ್ಚಿಕೊಳ್ಳುವವರೇ ಹೆಚ್ಚು. ಆದರೆ ಬಣ್ಣ ಮನಸ್ಸಿನಲ್ಲಿ ಉಳಿಯಬೇಕಾದರೆ ಅದು ಪ್ರತಿ ಬಾರಿಯೂ ಒಂದೇ ರೀತಿ ಕಣ್ಣಿಗೆ ಬೀಳಬೇಕು. ಆ ಕೆಲಸಕ್ಕೆ, ಪ್ರತಿ ಬಣ್ಣವನ್ನೂ ಒಂದು ಸಂಖ್ಯೆಯಿಂದ ಗುರುತಿಸುವ, 1963ರಲ್ಲಿ ಬಳಕೆಗೆ ಬಂದ ಪ್ಯಾಂಟೋನ್ ಪದ್ಧತಿಯ ಈ ಬೀಸಣಿಗೆಯಾಕಾರದ ಕೈಪಿಡಿಯಷ್ಟು ನೆರವಾಗುವ ಸಾಧನ ನನ್ನ ಬಳಿ ಇನ್ನೊಂದಿಲ್ಲ.

ಲೇಪನವಿರುವ ನುಣುಪು ಕಾಗದಕ್ಕೆ ಒಂದು, ಲೇಪನವಿಲ್ಲದ ಕಾಗದಕ್ಕೆ ಇನ್ನೊಂದು ಎಂದು ಇದರಲ್ಲಿ ಎರಡು ಭಾಗಗಳಿವೆ. ಒಂದೇ ಸಂಖ್ಯೆಯ ಕಡುಗೆಂಪನ್ನು ಎರಡರಲ್ಲೂ ತೆರೆದು ಪಕ್ಕಪಕ್ಕದಲ್ಲಿಟ್ಟರೆ, ಮೊದಲನೆಯದು ಮಿರುಗುತ್ತ ಗಮನ ಸೆಳೆಯುತ್ತದೆ. ಎರಡನೆಯದರಲ್ಲಿ ಶಾಯಿ ಕಾಗದದೊಳಗೆ ಇಳಿದು, ಅದೇ ಕೆಂಪಿನ ಗತ್ತು ಸೌಮ್ಯತೆಗೆ ತಿರುಗುತ್ತದೆ. ಲೋಗೋ ವಿಸಿಟಿಂಗ್ ಕಾರ್ಡಿನ ಮೇಲೆ ಬರಲಿದೆಯೋ ಹೊಳಪಿನ ಪೊಟ್ಟಣದ ಮೇಲೋ ಎಂದು ಮೊದಲೇ ವಿಚಾರಿಸಬೇಕಾದದ್ದು ಇದಕ್ಕಾಗಿಯೇ. ಪ್ರತಿ ಬಣ್ಣದ ಜೊತೆಗೆ ಶಾಯಿ ಬೆರೆಸುವ ಪ್ರಮಾಣವನ್ನೂ ಕೊಟ್ಟಿರುವುದರಿಂದ ಮುದ್ರಕರೊಂದಿಗೆ ಚರ್ಚೆ ಬೇಗ ಮುಗಿಯುತ್ತದೆ. ಆಭರಣ ಸಂಸ್ಥೆ ಟಿಫನಿಯ ತಿಳಿನೀಲಿಗೆ, ಆ ಸಂಸ್ಥೆ ಆರಂಭವಾದ ವರ್ಷವೇ ಆದ 1837 ಎಂಬ ಪ್ಯಾಂಟೋನ್ ಸಂಖ್ಯೆ ಇರುವುದು, ಬರೀ ಒಂದು ಛಾಯೆ ಎಷ್ಟು ದೊಡ್ಡ ಗುರುತಾಗಬಲ್ಲದು ಎಂಬುದಕ್ಕೆ ಸಾಕ್ಷಿ.

ಮುದ್ರಿತ ಪುಟಗಳು ಬೆಳಕಿಗೆ ಮಾಸುವುದರಿಂದ ಕಾಲಕಾಲಕ್ಕೆ ಹೊಸ ಪ್ರತಿ ಕೊಳ್ಳಬೇಕಾಗುತ್ತದೆ, ಅದು ಅಗ್ಗವಲ್ಲ. ಪರದೆಯ ಮೇಲಷ್ಟೇ ಕಾಣುವ ಲೋಗೋ ಮಾಡುವವರಿಗೆ ಇದರ ಅಗತ್ಯವಿಲ್ಲ. ಅಚ್ಚಿಗೆ ಕೊಡುವವರು ಮಾತ್ರ ಹಿಂದೆಮುಂದೆ ನೋಡದೆ ಕೊಳ್ಳಬಹುದು.